ಐದನೇ ನಂಬರಿನ ಕಡ್ಡಿ

ಮೊದಲ ಸಾಲಿಗೆ ನೂರಿಪ್ಪತ್ತು ಕಂಬ.
ಎಣಿಸಿಯೇ ಹಾಕಿದ್ದೆ, ಆಣೆಗೂ.
ನಲವತ್ತನೇ ಸಾಲಿಗೆ ಬಂದಾಗ ನೂರಾ ಏಳು.
ನಕಲು ವಿಭಾಗದ ಮೇಜಿನ ಮೇಲೆ, ಊಟದ ಬಿಡುವಿನಲ್ಲಿ,
ನಸ್ರೀನ್ ಮರದ ಸ್ಕೇಲು ಹಿಡಿದು ಅಳೆದಳು:
ಈ ತುದಿ ಮೂವತ್ತಾರು ಇಂಚು, ಆ ತುದಿ ಮೂವತ್ತೊಂದು.
"ಉಳಿದ ಐದು ಇಂಚು ಯಾರ ಸ್ವಾಧೀನದಲ್ಲಿದೆ?"
ವಕೀಲರ ಗಂಟಲಲ್ಲಿ ಕೇಳಿದಳು.
ಬುತ್ತಿಯ ಮುಚ್ಚಳ ಒತ್ತುತ್ತ ನಕ್ಕೆ.

ಹಾಸನದ ಕೋರ್ಟಿನಲ್ಲಿ ಹದಿನಾರು ವರ್ಷದಿಂದ
ನಾನು ಬೆರಳಚ್ಚುಗಾರ್ತಿ.
ಅಲ್ಲಿ ತಪ್ಪಿಗೊಂದು ದಾರಿಯಿದೆ:
ಅಡ್ಡಗೀಟು, ಅಂಚಿನಲ್ಲಿ ಚಿಕ್ಕ ಸಹಿ,
ತಿದ್ದಿದ್ದು ಇಷ್ಟು ಪದ ಎಂದು ಕೆಳಗೊಂದು ಸಾಲು.
ಈ ಹೊದಿಕೆಯ ಅಂಚೇ ಸೊಟ್ಟ.
ಎಲ್ಲಿ ಸಹಿ ಹಾಕಲಿ?

ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ
ಗುಂಡಿ, ಜಿಪ್ಪು, ಲೇಸು, ಉಲ್ಲನ್ ಮಾರುವ
ಸಿಸಿಲಿಯಮ್ಮನ ಅಂಗಡಿಗೆ ಒಯ್ದೆ.
ಆಕೆ ಕನ್ನಡಕ ಹುಡುಕಲಿಲ್ಲ. ಕಣ್ಣು ಮುಚ್ಚಿ
ಹೆಬ್ಬೆರಳಲ್ಲಿ ಸಾಲು ಸವರುತ್ತ ಹೋದಳು,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.
"ಕೊನೇ ಕಂಬ ಬಿಟ್ಟೇ ತಿರುಗಿಸಿದ್ದೀಯ, ಹದಿಮೂರು ಸಲ.
ಏನಾತುರ ನಿಂಗೆ?
ನಾಲ್ಕಿಂಚು ಅದರದ್ದು."
ಮುಂದೊಂದು ಕಡೆ ಬೆರಳು ನಿಂತಿತು.
"ಇಲ್ಲಿ ಯಾರ ಮೇಲಮ್ಮಾ ಸಿಟ್ಟು?"

ಇಪ್ಪತ್ತೆರಡರಿಂದ ಇಪ್ಪತ್ತಾರು.
ಕಡ್ಡಿಯ ಮೂತಿ ತೂರದಷ್ಟು ಬಿಗಿ,
ನೆನೆದ ಹಗ್ಗದ ಗಂಟು.

ಹೇಳಲಿಲ್ಲ.
ಆ ವಾರ ಎರಡನೇ ಹಾಲಿನಲ್ಲಿ ಕೂಗಿದ್ದು ನನ್ನ ಹೆಸರು.
ಮೂರು ಸಲ. ದಫೇದಾರ್ ಜವರಪ್ಪ,
ದಿನಾ ನನ್ನ ಫ್ಲಾಸ್ಕಿನ ಟೀ ಕುಡಿಯುವವ,
ಗುರುತೇ ಇಲ್ಲದವನ ದನಿಯಲ್ಲಿ.
ಸಂಜೆ ಅದೇ ಆದೇಶ, ಮೂರು ಪ್ರತಿಗೆ,
ನನ್ನ ಮೇಜಿಗೇ ಬಂತು.
ವಾದಿ, ಪ್ರತಿವಾದಿ, ಮದುವೆಯಾದ ತಾರೀಖು.
ಒಂದಕ್ಷರ ತಪ್ಪಲಿಲ್ಲ.

"ಬಿಚ್ಚಿಬಿಡ್ಲಾ?"
"ಬಿಚ್ಚು. ಬಿಚ್ಚಿದ ದಾರ ಶಾವಿಗೆ ಥರ ಸುರುಳಿ ಸುರುಳಿ.
ಹಂಗೇ ಹಾಕ್ಬೇಡ. ಇಡ್ಲಿ ಪಾತ್ರೆ ಹಬೆಗೆ ಹಿಡಿ,
ತುದಿಗೊಂದು ಚಮಚ ಕಟ್ಟಿ ನೇತುಹಾಕು."
"ಕೈ ಸಡಿಲ ಮಾಡ್ಕೋಬೇಕು ಅಲ್ವಾ?"
"ಹೇಳಿದ ಕೂಡ್ಲೇ ಆಗುತ್ತಾ? ನನ್ನ ಕೈ
ಅರವತ್ತು ವರ್ಷದಿಂದ ಇಷ್ಟೇ.
ಕೈ ಇದ್ದಂಗಿರಲಿ, ಕಡ್ಡಿ ಬದಲಾಯಿಸು."
ಡ್ರಾಯರು ಎಳೆದು ಕೊಟ್ಟಳು, ಐದನೇ ನಂಬರಿನದು,
ನನ್ನ ಮೂರೂವರೆಯ ಪಕ್ಕ ಇಟ್ಟರೆ ಅಣ್ಣ ತಮ್ಮ.
ಮೂವತ್ತೈದು ಅಂದಳು. ಮೂವತ್ತಕ್ಕೆ ಕೇಳಿದೆ.
ಐದು ರೂಪಾಯಿಗೆ ಎರಡು ಗುಂಡಿ ಕೊಟ್ಟಳು.

ರಾತ್ರಿ ಒಲೆಯ ಪಕ್ಕ ಕೂತು ಎಳೆದೆ.
ಟರ್, ಟರ್, ಟರ್.
ಎರಡು ತಿಂಗಳ ಸಂಜೆಗಳು ಒಂದು ಗಂಟೆಯಲ್ಲಿ
ಮಡಿಲಿಗೆ ಬಂದು ಬಿದ್ದವು.
ಬೆಕ್ಕು ಒಂದು ತುದಿ ಹಿಡಿದು ಹಾಲಿನವರೆಗೆ ಹೋಯಿತು.
ಇಪ್ಪತ್ತಾರನೇ ಸಾಲಿಗೆ ನಿಲ್ಲಿಸಿದೆ.
ಇನ್ನೈದು ಸಾಲು, ಅಷ್ಟೇ ಇದ್ದದ್ದು.
ಪಾತ್ರೆಯಲ್ಲಿ ನೀರು ಆರಿ ತಳ ಹಿಡಿದಿತ್ತು,
ನಿದ್ದೆ ಬಂದಿತ್ತು.
ಬೇರೆ ಕಾರಣ ಕೇಳಬೇಡಿ.

ಅಲ್ಲಿಂದ ಹೊಸ ಕಡ್ಡಿ.
ಒಂದೇ ಮನೆಯಲ್ಲಿ ಎರಡು ಕಂಬ ಹಾಕಿ
ಕಳೆದವನ್ನು ಒಂದೊಂದಾಗಿ ಕೂಡಿಸಿದೆ.
ಈಗ ಮೇಲೆ ಅಗಲ, ಕೆಳಗೆ ಅಗಲ,
ನಡುವೆ ಡಮರುವಿನ ಸೊಂಟ.
"ಉಡಿದಾರ ಕಟ್ಟೋಣ ಬಿಡೇ" ಎಂದಳು ನಸ್ರೀನ್,
ತನ್ನ ಅಕ್ಕನ ಮಗುವಿಗೆಂದು ಕಾದವಳು,
ಸ್ಕೇಲು ತೆಗೆಯದೆ.

ಹುಸಿ ಹೇಳಲಾರೆ, ಈಗಲೂ ಕೈ ಬಿಗಿಯೇ.
ಸಾಲು ಮುಗಿಯಿತೆನಿಸಿದಾಗ ಮಾತ್ರ ನಿಲ್ಲುತ್ತೇನೆ.
ಕೊನೆಯ ಕಂಬ ಮಗ್ಗುಲಿಗೆ ಒರಗಿ
ಅಡಗಿ ಕೂತಿರುತ್ತದೆ,
ಹಾಲಿನ ಹಿಂದಿನ ಬೆಂಚಲ್ಲಿ
ಹೆದರಿದ ಸಾಕ್ಷಿಯ ಹಾಗೆ.
ಕೂಗುತ್ತೇನೆ.
ಮೂರು ಸಲ,
ಗುರುತಿರುವ ದನಿಯಲ್ಲಿ.